ಎಡಗೈಗೆ ಕೆಲಸವಿಲ್ಲದ ಪೆಟ್ಟಿಗೆ

ಶ್ರಾವಣ ಹತ್ತಿರ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಪುರಾಣದ ಹ್ಯಾಂಡ್‌ಬಿಲ್ಲುಗಳು ಕಾಣಿಸಿಕೊಳ್ಳುತ್ತವೆ. ಕಿರಾಣಿ ಅಂಗಡಿಯ ಬಾಗಿಲಿಗೆ, ಹಿಟ್ಟಿನ ಗಿರಣಿಯ ಗೋಡೆಗೆ, ಬಸ್‌ಸ್ಟ್ಯಾಂಡಿನ ಕಂಬಕ್ಕೆ. ಮೇಲೆ ಕಲಬುರಗಿಯ ಶರಣಬಸವೇಶ್ವರರ ಚಿತ್ರ. ಕೆಳಗೆ ಪ್ರವಚನ ಹೇಳುವ ಶಾಸ್ತ್ರಿಗಳ ಹೆಸರು, ಅದರ ಕೆಳಗೆ ಸಂಗೀತ ಸೇವೆಯ ಗವಾಯಿಗಳು, ಆಮೇಲೆ ತಬಲಾ. ನಾನು ಸಣ್ಣವನಿದ್ದಾಗ ಪಟ್ಟಿ ಅಲ್ಲಿಗೆ ಮುಗಿಯುತ್ತಿತ್ತು. ಪೇಟಿ, ಅಂದರೆ ಹಾರ್ಮೋನಿಯಂ, ಯಾರು ನುಡಿಸುತ್ತಾರೆಂದು ಬರೆಯುವ ಅಗತ್ಯವೇ ಇರಲಿಲ್ಲ. ಹಾಡುವ ಗವಾಯಿಗಳೇ ಪೇಟಿಯ ಮುಂದೆ ಕೂಡುವವರು. ಈಗ ಇನ್ನೊಂದು ಸಾಲು ಸೇರಿದೆ: ‘ಕ್ಯಾಸಿಯೋ ವಾದಕರು’. ಕೆಲವು ಊರಲ್ಲಿ ಆ ಸಾಲು ತಬಲಾದವರಿಗಿಂತ ಮೇಲೆ ಹತ್ತಿ ಕೂತಿದೆ. ಇನ್ನು ಕೆಲವು ಊರಲ್ಲಿ ತಬಲಾದವರ ಸಾಲೇ ಇಲ್ಲ.

ಕೀಬೋರ್ಡಿನ ಪೆಟ್ಟಿಗೆ ಯಾವ ಕಂಪನಿಯದೇ ಇರಲಿ, ನಮ್ಮ ಕಡೆ ಅದು ಕ್ಯಾಸಿಯೋನೇ. ಐದರಿಂದ ಹತ್ತು ಸಾವಿರ ರೂಪಾಯಿಯೊಳಗೆ ಸಿಗುವ, ಅರವತ್ತೊಂದು ಮನೆಗಳ ಅಂದರೆ ಕೀಗಳ, ಐದು ಸಪ್ತಕದ ಪ್ಲಾಸ್ಟಿಕ್ ವಾದ್ಯ. ಇನ್ನೂ ಅಗ್ಗದ್ದು ಬೇಕೆಂದರೆ ಮೂವತ್ತೆರಡು ಮನೆಗಳದ್ದೂ ಉಂಟು. ಅದರ ಮನೆಗಳು ಸಣ್ಣ ಮಕ್ಕಳ ಬೆರಳಿನ ಅಳತೆಯವು, ದೊಡ್ಡವರು ಒಂದೊತ್ತಿದರೆ ಎರಡು ಕೂಗುತ್ತವೆ. ಅದನ್ನು ಆಟಿಕೆಯೆಂದೇ ಕರೆಯೋಣ, ಅದಕ್ಕೇನೂ ಬೇಜಾರಾಗುವುದಿಲ್ಲ. ನಾನು ಮಾತಾಡುತ್ತಿರುವುದು ದೊಡ್ಡದರ ಬಗ್ಗೆ. ಉದ್ದ ಮೂರು ಅಡಿ, ತೂಕ ಮೂರು-ಮೂರೂವರೆ ಕಿಲೋ. ಮೋಟರ್‌ಸೈಕಲ್ಲಿನ ಹಿಂದೆ ಕೂತವನು ಹೆಗಲಿಗೆ ಹಾಕಿಕೊಂಡು ಕಟ್ಟಿಸಂಗಾವಿಯ ಸೇತುವೆ ದಾಟಿ ಜೇವರ್ಗಿಗೆ ಬಂದುಬಿಡಬಹುದು. ಒಳ್ಳೆಯ ಹಾರ್ಮೋನಿಯಂ ಇದರ ಮೂರು ಪಟ್ಟು ಭಾರ. ಅದನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡು ಎರೆಹೊಲದ ದಾರಿಯಲ್ಲಿ ಹೋಗುವಾಗ ಸ್ವರಗಳೂ ಗಾಡಿಯೂ ಒಟ್ಟಿಗೇ ಕುಲುಕುತ್ತವೆ.

ನಮ್ಮ ಮನೆಗೂ ಅಂಥದೊಂದು ಬಂದಿದೆ. ತೊಗರಿ ಮಾರಿದ ದುಡ್ಡು ಕೈಗೆ ಬಂದ ವಾರವೇ ಅಣ್ಣ ತನ್ನ ಮಗಳಿಗಾಗಿ ತರಿಸಿದ. ಕಲಿಸಲಿಕ್ಕೆ ಯಾರು ಅಂದರೆ, ಓಣಿಯ ಕೊನೆಯ ಮನೆಯ ಗವಾಯಿ ಮುತ್ಯಾ. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪೇಟಿ ಕಲಿತು ಬಂದವರು. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿ, ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ ಆ ಆಶ್ರಮ ಇಲ್ಲದಿದ್ದರೆ, ಕಲಬುರಗಿ ಸೀಮೆಯ ಪುರಾಣಗಳಲ್ಲಿ ಹಾಡುವವರು ಎಲ್ಲಿಂದ ಬರುತ್ತಿದ್ದರೋ ನನಗೆ ತಿಳಿಯದು. ಊರೂರಿಗೆ ಒಬ್ಬರಂತೆ ಅಲ್ಲಿಂದ ಬಂದವರಿದ್ದಾರೆ.

ಮುತ್ಯಾ ಬಂದರು, ಕೂತರು, ಬಲಗೈಯನ್ನು ಪೆಟ್ಟಿಗೆಯ ಮೇಲೆ ಒಮ್ಮೆ ಆಡಿಸಿದರು. ಎರಡು ಕರಿ, ಮೂರು ಕರಿ, ಎರಡು ಕರಿ ಎಂದು ಬೆರಳಿಗೆ ಲೆಕ್ಕ ಸಿಕ್ಕಿತು. ಜೊತೆಗೇ ಎಡಗೈ ತಾನಾಗಿ ಪೆಟ್ಟಿಗೆಯ ಹಿಂದಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಇನ್ನಷ್ಟು ಹಿಂದೆ ಹೋಗಿ ಗೋಡೆ ಮುಟ್ಟಿತು.

“ಇದಕ್ಕ ಗಾಳಿ ಎಲ್ಲಿಂದ ಹಾಕಬೇಕವ್ವಾ?”

“ಗಾಳಿ ಬೇಕಾಗಿಲ್ಲ ಮುತ್ಯಾ. ಕರೆಂಟ್ ಮ್ಯಾಲ ನಡೀತದ.”

“ಮತ್ತ ಈ ಕೈ ಏನ್ ಮಾಡಬೇಕು?”

“ಸುಮ್ಮ ಕೂಡ್ಲಿ.”

“ಐವತ್ತ್ ವರ್ಷ ದುಡಿದ ಕೈ ಅದ. ಸುಮ್ಮ ಕೂಡು ಅಂದ್ರ ಕೂಡತದೇನು?”

ಕೂಡಲಿಲ್ಲ. ಮೊದಲ ದಿನ ಮೊಣಕಾಲಿನ ಮೇಲೆ ತಾಳ ಹಾಕಿತು, ಮೀಸೆ ನೇವರಿಸಿತು, ಅಂಗಿಯ ಗುಂಡಿ ತಿರುವಿತು. ಅಗ್ಗದ ಕೀಬೋರ್ಡಿನ ಗುಣ-ದೋಷದ ಬಗ್ಗೆ ನನಗೆ ಏನು ತಿಳಿದಿದೆಯೋ ಅದರಲ್ಲಿ ಮುಕ್ಕಾಲು ಪಾಲು ಆ ಎಡಗೈಯನ್ನು ನೋಡುತ್ತ ಕೂತು ತಿಳಿದದ್ದು.

ಈ ಎಡಗೈಯ ಕೆಲಸವೂ ಅನಾದಿಯದೇನಲ್ಲ. ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಪ್ಯಾರಿಸ್ಸಿನಲ್ಲಿ, ಅಲೆಕ್ಸಾಂಡರ್ ದೆಬೆನ್ ಎಂಬಾತನ ಕೈಯಲ್ಲಿ. ಅಲ್ಲಿ ಅದು ಮೇಜಿನಷ್ಟು ಎತ್ತರದ ವಾದ್ಯ. ಕುರ್ಚಿಯ ಮೇಲೆ ಕೂತು ಕಾಲಿನಿಂದ ಗಾಳಿ ತುಳಿಯುವುದು, ಎರಡೂ ಕೈ ಮನೆಗಳ ಮೇಲೆ. ನಮ್ಮವರು ನೆಲದ ಮೇಲೆ ಕೂಡುವವರು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದರ ಕಾಲು ಕತ್ತರಿಸಿ, ಬೆನ್ನಿಗೆ ತಿದಿ ಹಚ್ಚಿ, ಗಾಳಿ ಹಾಕುವ ಕೆಲಸವನ್ನು ಎಡಗೈಗೆ ಕೊಟ್ಟರು. ನಮ್ಮ ಹಾಡಿಗೆ ಒಂದು ಹೊತ್ತಿಗೆ ಒಂದೇ ಸ್ವರ ಸಾಕು, ಒಂದೇ ಕೈ ಸಾಕು. ಹಾಗಾಗಿ ನಷ್ಟವೇನೂ ಆಗಲಿಲ್ಲ, ಬದಲಿಗೆ ಲಾಭವಾಯಿತು. ಎಡಗೈ ಮೆಲ್ಲಗೆ ಒತ್ತಿದರೆ ದನಿ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರು. ಹಾಡುವವರು ಉಸಿರು ತೆಗೆದುಕೊಂಡಲ್ಲಿ ಪೇಟಿಯೂ ಉಸಿರು ತೆಗೆದುಕೊಳ್ಳುತ್ತದೆ. ನಾಟಕ ಕಂಪನಿಗಳಲ್ಲಿ ಕಾಲು ಹಾರ್ಮೋನಿಯಂ ಬಹಳ ಕಾಲ ಉಳಿದಿತ್ತು, ಆದರೆ ಭಜನೆಯ ಕಟ್ಟೆಗೆ ಬಂದದ್ದು ಕೈಪೇಟಿಯೇ.

ಹಾಗೆ ನೋಡಿದರೆ ನಮ್ಮ ಕಡೆಯ ಹಾಡಿಗೆ ಜಪಾನಿನ ಗುಂಡಿಗಳೂ ಹೊಸವಲ್ಲ. ಆಳಂದದ ಲಾಡ್ಲೆ ಮಶಾಕ ದರ್ಗಾದ ಉರುಸಿನ ಕವ್ವಾಲಿಗೆ ಕಿವಿಗೊಟ್ಟವರಿಗೆ ಇಂಥ ಮೇಳಗಳ ಬೆಂಜೋ ಗೊತ್ತಿರುತ್ತದೆ. ಟೈಪ್‌ರೈಟರಿನ ಗುಂಡಿಯಂಥ ಗುಂಡಿಗಳಿರುವ ತಂತಿವಾದ್ಯ, ಬುಲ್‌ಬುಲ್ ತರಂಗ್ ಎಂದೂ ಹೇಳುತ್ತಾರೆ. ಅದರ ಮೂಲ 1912ರಲ್ಲಿ ನಗೋಯಾ ನಗರದ ಮೊರಿಟಾ ಗೊರೊ ಮಾಡಿದ ತೈಶೊಗೊತೊ. ಅದು ನಮ್ಮದಾಗಿ ಎಷ್ಟು ಹಳೆಯದಾಗಿದೆಯೆಂದರೆ, ಬೆಂಜೋ ಬಿಟ್ಟು ಕ್ಯಾಸಿಯೋ ಹಿಡಿದವನನ್ನು “ವಿದೇಶಿ ವಾದ್ಯ ಯಾಕೋ?” ಎಂದು ಬಯ್ಯುವ ಹಿರಿಯರನ್ನು ನಾನು ಕಂಡಿದ್ದೇನೆ. ತತ್ವಪದದ ಮನೆತನವನ್ನೇ ತೆಗೆದುಕೊಳ್ಳಿ. ಹಳೆಯ ಜೇವರ್ಗಿ ತಾಲೂಕಿನ ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯ ಚೆನ್ನೂರಿನ ಜಲಾಲಸಾಬರು ಹಾಡಿಕೊಂಡದ್ದು ಏಕತಾರಿ, ದಮ್ಮಡಿಗಳ ಮೇಲೆ. ಒಂದು ತಂತಿ, ಒಂದು ಚರ್ಮ. ಅದರ ಮುಂದೆ ಪೇಟಿಯೇ ದೊಡ್ಡ ಆಡಂಬರ. ಏಕತಾರಿಯವರು ಪೇಟಿಯನ್ನು ಕಂಡಾಗ ಏನೆಂದಿರಬಹುದೋ, ಅದನ್ನೇ ಈಗ ಪೇಟಿಯವರು ಕ್ಯಾಸಿಯೋಗೆ ಅನ್ನುತ್ತಿದ್ದಾರೆ.

ಬಯ್ಗುಳದ ವಿಷಯದಲ್ಲಿ ಹಾರ್ಮೋನಿಯಂ ಅನುಭವಿಸಿದಷ್ಟನ್ನು ಕ್ಯಾಸಿಯೋ ಇನ್ನೂ ಅನುಭವಿಸಿಲ್ಲ. 1940ರ ಮಾರ್ಚ್‌ನಿಂದ ಆಕಾಶವಾಣಿ ಅದನ್ನು ಬಾಗಿಲಾಚೆ ನಿಲ್ಲಿಸಿತು. ಬಾಗಿಲು ಸ್ವಲ್ಪ ತೆರೆದದ್ದು 1971ರ ಸುಮಾರಿಗೆ. ಆರೋಪ ಎರಡು. ಮೊದಲನೆಯದು, ಮೀಂಡ್ ಬರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾಗದು, ಜಿಗಿಯಬೇಕು. ಎರಡನೆಯದು, ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಕೂರಿಸಿದ ಸ್ವರಗಳು ನಮ್ಮ ಸ್ವರಗಳಲ್ಲ. ಲೆಕ್ಕ ಹೇಳುವುದಾದರೆ, ಪಕ್ಕಪಕ್ಕದ ಎರಡು ಮನೆಗಳ ನಡುವೆ ನೂರು ಸೆಂಟ್ ಅಂತರ. ಷಡ್ಜದಿಂದ ಶುದ್ಧ ಗಂಧಾರಕ್ಕೆ ಯಂತ್ರದಲ್ಲಿ ನಾನೂರು ಸೆಂಟ್. ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಂಧಾರ 386ರ ಆಸುಪಾಸು. ಹದಿನಾಲ್ಕು ಸೆಂಟ್ ಮೇಲೆ ನಿಂತ ಗಂಧಾರ. ಮುತ್ಯಾಗೆ ಸೆಂಟ್ ಗೊತ್ತಿಲ್ಲ, ಗಂಧಾರ ಗೊತ್ತು. ಒತ್ತಿ ಹಿಡಿದು ತಲೆಯೋರೆ ಮಾಡಿದರು.

“ಜರಾ ಮ್ಯಾಲ ಅದ. ಇರ್ಲಿ, ನಮ್ಮ ಪೇಟ್ಯಾಗೂ ಇತ್ತು. ಅದಕ್ಕ ಬೈದು ಇದಕ್ಕ ಬೈಲಿಲ್ಲಂದ್ರ ನ್ಯಾಯ ಅಲ್ಲ.”

ಈ ಎರಡು ಆರೋಪವನ್ನು ಅಗ್ಗದ ಕೀಬೋರ್ಡು ಪೇಟಿಯಿಂದ ಹಾಗೇ ಉತ್ತರಾಧಿಕಾರವಾಗಿ ಪಡೆದಿದೆ. ಹೆಚ್ಚು ಬೆಲೆಯ ಕೀಬೋರ್ಡುಗಳಲ್ಲಿ ಸ್ವರ ಜಾರಿಸುವ ಒಂದು ಚಕ್ರ ಎಡಮಗ್ಗುಲಲ್ಲಿರುತ್ತದೆ. ಅಗ್ಗದವುಗಳಲ್ಲಿ ಆ ಜಾಗ ಖಾಲಿ. ಅದರ ಮೇಲೆ ತನ್ನದೇ ಮೂರನೆಯ ದೋಷವೊಂದನ್ನು ಸೇರಿಸಿಕೊಂಡಿದೆ: ಮನೆಯನ್ನು ಹೂವಿನಂತೆ ಮುಟ್ಟಿದರೂ ಮುಷ್ಟಿಯಿಂದ ಗುದ್ದಿದರೂ ದನಿ ಒಂದೇ. ಅಂಗಡಿಯವರು ‘ಟಚ್ ರೆಸ್ಪಾನ್ಸ್’ ಅನ್ನುತ್ತಾರಲ್ಲ, ಅದು ತೀರ ಕೆಳಗಿನ ಮಾದರಿಗಳಲ್ಲಿರುವುದಿಲ್ಲ. ಪೇಟಿಯಲ್ಲಿಯೂ ಬೆರಳಿನ ಒತ್ತಕ್ಕೆ ದನಿ ಏರುವುದಿಲ್ಲ ನಿಜ, ಆದರೆ ಅಲ್ಲಿ ಎಡಗೈ ಇತ್ತು. ಇಲ್ಲಿ ಬೆರಳಿಗೂ ಆ ಅಧಿಕಾರವಿಲ್ಲ, ಎಡಗೈಗೂ ಇಲ್ಲ. ನೂರಿಪ್ಪತ್ತು ದನಿಗಳಿವೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಶಹನಾಯಿ, ಕೊಳಲು, ಪಿಟೀಲು, ಹಾರ್ಮೋನಿಯಂ ಸಹ. ಎಲ್ಲವೂ ಒಂದೇ ಜೋರಿನಲ್ಲಿ ಮಾತಾಡುತ್ತವೆ. ಆ ಹಾರ್ಮೋನಿಯಮ್ಮಿನ ದನಿಯಾದರೂ ಎಲ್ಲಿಯದೋ ಯಾರದೋ ಪೇಟಿಯ ಒಂದು ತುಣುಕು ಧ್ವನಿಮುದ್ರಣ. ಬೆರಳು ಎತ್ತುವ ತನಕ ಅದೇ ತುಣುಕನ್ನು ಸುತ್ತಿಸುತ್ತದೆ. ಉಸಿರು ಕಟ್ಟದೆ ಹತ್ತು ನಿಮಿಷ ಒಂದೇ ಸ್ವರ ಹಿಡಿಯಬಲ್ಲ ಗಾಯಕ ಎಲ್ಲಿಯೂ ಇಲ್ಲ. ಇದ್ದರೆ ಅವನ ಹಾಡು ಕೇಳಲು ನಾನಂತೂ ಹೋಗುವುದಿಲ್ಲ.

ಇಷ್ಟು ಬಯ್ದ ಮೇಲೆ ಅದರ ಗುಣ ಹೇಳದಿದ್ದರೆ ಅಣ್ಣ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಮೊದಲ ಗುಣ, ಅದು ಸುರು ಬಿಡುವುದಿಲ್ಲ. ಮೇ ತಿಂಗಳಿನ ನಮ್ಮ ಬಿಸಿಲು 43–44 ಡಿಗ್ರಿ ಮುಟ್ಟುತ್ತದೆ. ಪೇಟಿಯೊಳಗಿನ ಹಿತ್ತಾಳೆಯ ನಾಲಿಗೆಗಳು ಆ ಕಾವಿಗೆ, ಮತ್ತೆ ಮಳೆಗಾಲದ ತೇವಕ್ಕೆ ಅಷ್ಟಿಷ್ಟು ಹೊಯ್ದಾಡುತ್ತವೆ. ತಿದಿಯ ಚರ್ಮ ಬಿರಿಯುತ್ತದೆ, ಇಲಿ ಕಡಿಯುತ್ತದೆ. ಆಗ ಕಲಬುರಗಿಗೋ ಸೊಲ್ಲಾಪುರಕ್ಕೋ ಹೊತ್ತೊಯ್ಯಬೇಕು, ನಾಲಿಗೆ ಕೆರೆದು ಸುರು ಕೂಡಿಸುವ ಕೈಗಾಗಿ ಕಾಯಬೇಕು. ಕೀಬೋರ್ಡಿನ ಸ್ವರ ಜನವರಿಯಲ್ಲೂ ಮೇನಲ್ಲೂ ಒಂದೇ. ಕಲಿಯುವ ಮಗುವಿನ ಕಿವಿಗೆ ಇದು ಸಣ್ಣ ಮಾತಲ್ಲ. ಸುರು ತಪ್ಪಿದ ಹಳೆ ಪೇಟಿಯ ಮೇಲೆ ಕಲಿತ ಮಗು ತಪ್ಪು ಸ್ವರವನ್ನೇ ಸರಿಯೆಂದು ತಿಳಿದು ಬೆಳೆಯುವುದಕ್ಕಿಂತ, ಹದಿನಾಲ್ಕು ಸೆಂಟ್ ಮೇಲಿನ ಗಂಧಾರ ಎಷ್ಟೋ ವಾಸಿ.

ಎರಡನೆಯದು ದೊಡ್ಡ ಗುಣ: ಪಟ್ಟಿ, ಅಂದರೆ ಸ್ಕೇಲ್, ಬದಲಿಸುವ ಗುಂಡಿ. ನಮ್ಮಲ್ಲಿ ಗಂಡಸರು ಸಾಮಾನ್ಯವಾಗಿ ಬಿಳಿ ಒಂದರಿಂದ ಕರಿ ಎರಡರ ಒಳಗಿನ ಮನೆಯನ್ನು ಷಡ್ಜ ಮಾಡಿಕೊಂಡು ಹಾಡುತ್ತಾರೆ. ಹೆಂಗಸರಿಗೆ ಕರಿ ನಾಲ್ಕು, ಕರಿ ಐದು ಹಿತ. ಆದರೆ ಪೇಟಿಯ ಮಾಸ್ತರರು ಗಂಡಸರು. ಅವರ ಬೆರಳು ಕರಿ ಒಂದಕ್ಕೆ ಕೂತುಬಿಟ್ಟಿರುತ್ತದೆ. ಪಾಪ, ಓಣಿಯ ಅಕ್ಕನ ಬಳಗದವರು ಎಷ್ಟೋ ವರ್ಷ ಆ ಗಂಡು ಪಟ್ಟಿಯಲ್ಲಿ, ಕೆಳಗೆ ಗಂಟಲು ಮುಳುಗಿಸಿ, ಮೇಲೆ ಕಿರುಚಿ ಭಜನೆ ಮಾಡಿದರು. ಸ್ಕೇಲ್ ಚೇಂಜರ್ ಪೇಟಿ ಎಂಬುದೊಂದಿದೆ, ಮನೆಗಳ ಸಾಲನ್ನೇ ಸರಿಸುವುದು. ಅದರ ಬೆಲೆಗೆ ಒಂದು ಆಕಳು ಬರುತ್ತದೆ. ಅಗ್ಗದ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಹನ್ನೆರಡು ಮನೆ ಮೇಲೆ, ಹನ್ನೆರಡು ಮನೆ ಕೆಳಗೆ. ಬೆರಳು ಕಲಿತದ್ದು ಕಲಿತಲ್ಲೇ ಇರುತ್ತದೆ, ದನಿ ಮಾತ್ರ ಹಾಡುವವರ ಕೊರಳಿಗೆ ಹೋಗುತ್ತದೆ. ಅಣ್ಣನ ಮಗಳು ಸೋಮವಾರ ಬಳಗದ ಭಜನೆಗೆ ಕೂಡಲು ಶುರುಮಾಡಿದ ಮೇಲೆ ನಮ್ಮ ಆಯಿಯ ದನಿ ಇಷ್ಟು ಚೆನ್ನಾಗಿದೆ ಎಂದು ನಮಗೆ ಗೊತ್ತಾಯಿತು. ಎಪ್ಪತ್ತು ದಾಟಿದ ಮೇಲೆ ಅವಳಿಗೆ ಅವಳ ಪಟ್ಟಿ ಸಿಕ್ಕಿತು. ಈ ಒಂದು ಕೆಲಸಕ್ಕಾಗಿ ಆ ಪ್ಲಾಸ್ಟಿಕ್ಕಿಗೆ ನಾನು ಎಷ್ಟು ದೋಷವನ್ನಾದರೂ ಬಿಟ್ಟುಕೊಟ್ಟೇನು.

ಮೂರನೆಯದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಹನ್ನೊಂದಕ್ಕೂ ನುಡಿಸಬಹುದು. ಹೊರಗೆ ಯಾವ ಸ್ವರವೂ ಬರುವುದಿಲ್ಲ. ಬರುವುದು ಪ್ಲಾಸ್ಟಿಕ್ ಮನೆಗಳ ಟಕಟಕ ಮಾತ್ರ. “ಈ ಹುಡುಗಿ ನಡುರಾತ್ರ್ಯಾಗ ಏನ್ ಕುಟ್ಲತ್ತದ?” ಎಂದು ಆಯಿ ಕೇಳುತ್ತಾಳೆ. ಅದು ಭೂಪ ರಾಗ ಎಂದರೆ ನಂಬುವುದಿಲ್ಲ.

ಮುತ್ಯಾಗೆ ಮೆಚ್ಚಿಕೆಯಾದದ್ದು ನನಗೆ ಹೊಳೆಯದೇ ಇದ್ದ ಇನ್ನೊಂದು ಗುಣ. ಅಗ್ಗದ ಪೆಟ್ಟಿಗೆಗೆ ಮುಟ್ಟಿದರೆ ಚಲಿಸುವ ಗಾಜಿನ ಪರದೆ ಇಲ್ಲ. ದನಿ ಆರಿಸಲು ಒಂದರಿಂದ ಒಂಬತ್ತು, ಕೆಳಗೆ ಸೊನ್ನೆ, ಹಳೆ ಫೋನಿನ ಹಾಗೆ ಎದ್ದು ನಿಂತ ಗುಂಡಿಗಳು. ಅವರು ಎರಡು ದಿನದಲ್ಲಿ ಅಂಕಿಗಳನ್ನು ಬೆರಳಿಗೆ ಕಲಿಸಿಕೊಂಡರು. ಹಾರ್ಮೋನಿಯಂ ಎಷ್ಟನೇ ನಂಬರು, ಕೊಳಲು ಎಷ್ಟನೇ ನಂಬರು ಎಲ್ಲ ಬಾಯಿಪಾಠ. ಲಕ್ಷ ರೂಪಾಯಿಯ ಕೀಬೋರ್ಡಿನ ಪರದೆಯ ಮುಂದೆ ಅವರು ಪರಾಧೀನ. ಏಳು ಸಾವಿರದ್ದರ ಮುಂದೆ ಸ್ವತಂತ್ರ.

ಅವರ ಎಡಗೈಗೂ ಅಲ್ಲೇ ಒಂದು ಕೆಲಸ ಸಿಕ್ಕಿತು. ನಮ್ಮ ಪೆಟ್ಟಿಗೆಯ ಎಡಮಗ್ಗುಲಲ್ಲಿ ದನಿ ಹೆಚ್ಚು-ಕಡಿಮೆ ಮಾಡುವ, ತಿರುಗಿಸುವ ಗುಂಡಿ ಇದೆ. ಒಂದು ಸಂಜೆ ಹಾಡುತ್ತ ಹಾಡುತ್ತ ಅವರ ಎಡಗೈ ಆ ಗುಂಡಿಯ ಮೇಲೆ ಕೂತಿತು. ಸಾಲಿನ ಮೊದಲಿಗೆ ಸ್ವಲ್ಪ ತಿರುವಿ ಏರಿಸುವುದು, ಸಾಲಿನ ಕೊನೆಗೆ ಇಳಿಸುವುದು, ತಮ್ಮ ಉಸಿರು ನಿಂತಲ್ಲಿ ಪೂರ್ತಿ ಇಳಿಸುವುದು. ತಿದಿಯೇ ಬಂದು ಸೇರಿಕೊಂಡಂತಾಯಿತು. ಹುಡುಗಿ ಬಾಯಿ ತೆರೆದು ನೋಡಿದಳು. ಅದನ್ನು ತಯಾರಿಸಿದವರು ಆ ಗುಂಡಿಗೆ ಇಂಥ ಉಪಯೋಗ ಯೋಚಿಸಿರಲಿಕ್ಕಿಲ್ಲ. ಯೋಚಿಸಿದ್ದರೆ ಇನ್ನಷ್ಟು ಗಟ್ಟಿಯಾಗಿ ಮಾಡುತ್ತಿದ್ದರು. ಎರೆಮಣ್ಣಿನ ಧೂಳಿಗೂ ಮುತ್ಯಾನ ತಿರುವಿಗೂ ಸಿಕ್ಕು ಅದು ಈಗ ಕರಕರ ಅನ್ನುತ್ತದೆ. ಉಳಿದ ಹೊತ್ತು ಎಡಗೈ ಕೆಳಗಿನ ಸಪ್ತಕದಲ್ಲಿ ಸಾ-ಪಾ ಒತ್ತಿ ಹಿಡಿದು ತಂಬೂರಿಯ ಕೆಲಸ ಮಾಡುತ್ತದೆ. ಕೈ ಬಿಡುವಿಲ್ಲದಾಗ ಮಡಚಿದ ಬಸ್ ಟಿಕೇಟನ್ನು ಎರಡು ಮನೆಗಳ ಸಂದಿಗೆ ತುರುಕಿದರೂ ಆಗುತ್ತದೆ.

ಆದರೆ ಕಂಪನಿಯವರು ಎಡಗೈಗೆಂದೇ ಇಟ್ಟ ಕೆಲಸ ಬೇರೆ. ಅದನ್ನು ಹೇಳಲೇಬೇಕು, ಏಕೆಂದರೆ ಕೆಡುಕು ಇರುವುದೇ ಅಲ್ಲಿ. ರಿದಮ್ ಗುಂಡಿ ಒತ್ತಿ ಎಡಭಾಗದ ಒಂದು ಮನೆ ಅದುಮಿದರೆ ಸಾಕು, ಮೂರು ಸ್ವರದ ಕಾರ್ಡು, ಬೇಸು, ಡ್ರಮ್ಮು ಎಲ್ಲವೂ ತಾವಾಗಿ ಬರುತ್ತವೆ. ಒಂದೇ ಬೆರಳಿಗೆ ಇಡೀ ಆರ್ಕೆಸ್ಟ್ರಾ. ಹೊಸ ಹುಡುಗರು ಮೊದಲು ಕಲಿಯುವುದೇ ಇದನ್ನು. ಒಂದೇ ಮನೆ ಅದುಮಿದಾಗ ಯಂತ್ರ ಹಿಡಿಯುವುದು ಮೇಜರ್ ಕಾರ್ಡು, ಅಂದರೆ ಅದರೊಳಗೆ ಶುದ್ಧ ಗಂಧಾರ ಕೂತೇ ಇರುತ್ತದೆ. ಮೇಲೆ ಗವಾಯಿಗಳು ಹಾಡುತ್ತಿರುವುದು ಭೈರವಿ. ಅದರ ಗಂಧಾರ ಕೋಮಲ. ಎರಡು ಗಂಧಾರಗಳು ಒಂದೇ ಮೈಕಿನಲ್ಲಿ ಜಗಳವಾಡುತ್ತವೆ. ಕೇಳುವವರಿಗೆ ಏನೋ ತಪ್ಪಿದೆ ಅನ್ನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಗವಾಯಿಗಳಿಗೆ ಇವತ್ತು ಗಂಟಲು ಸರಿಯಿಲ್ಲ ಅಂದುಕೊಂಡು ಎದ್ದು ಹೋಗುತ್ತಾರೆ.

ರಿದಮ್ಮಿನ ವಿಷಯದಲ್ಲಿ ನ್ಯಾಯವಾಗಿ ಮಾತಾಡಬೇಕು. ಅಗ್ಗದ ಪೆಟ್ಟಿಗೆಯ ಒಂದು ರಿದಮ್ ಗುಂಡಿ ಒಂದು ದೇಶದ ಸಂಗೀತವನ್ನೇ ತಿರುಗಿಸಿದ್ದುಂಟು. 1981ರಲ್ಲಿ ಬಂದ ಕ್ಯಾಸಿಯೋ ಎಂಟಿ-40 ಎಂಬ ಸಣ್ಣ ಕೀಬೋರ್ಡಿಗೆ ಓಕುಡಾ ಹಿರೋಕೋ ಎಂಬ, ಆಗಷ್ಟೇ ಕೆಲಸಕ್ಕೆ ಸೇರಿದ ಹೆಣ್ಣುಮಗಳು ಒಂದು ‘ರಾಕ್’ ಲಯ ಮಾಡಿಟ್ಟಳು. 1985ರಲ್ಲಿ ಜಮೈಕಾದ ವೇನ್ ಸ್ಮಿತ್ ಎಂಬ ಹಾಡುಗಾರ, ಕಿಂಗ್ ಜ್ಯಾಮಿ ಎಂಬ ನಿರ್ಮಾಪಕ ಸೇರಿ ಅದೇ ಲಯದ ಮೇಲೆ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಎಂಬ ಹಾಡು ಕಟ್ಟಿದರು. ಅಲ್ಲಿಂದ ಆ ದ್ವೀಪದ ರೆಗ್ಗೆ ಸಂಗೀತ ಗಣಕ ಲಯದ ದಾರಿ ಹಿಡಿಯಿತು. ಅದೇ ಲಯದ ಮೇಲೆ ನೂರಾರು ಹಾಡು ಬಂದವು. ಬಡವರ ಕೈಗೆ ಸಿಕ್ಕ ಬಡ ಪೆಟ್ಟಿಗೆ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮಗಾಗಿಯೂ ಹಾಕಿಕೊಟ್ಟಿದ್ದಾರೆ. ಇಲ್ಲಿ ಮಾರುವ ಹಲವು ಮಾದರಿಗಳಲ್ಲಿ ದಾದ್ರಾ ಇದೆ, ಕೇಹರವಾ ಇದೆ, ಭಜನ್ ಎಂಬ ಹೆಸರಿನದೂ ಇದೆ. ಆರು ಮಾತ್ರೆ ಆರೇ ಇರುತ್ತವೆ, ಎಂಟು ಎಂಟೇ. ಕೊರತೆ ಮಾತ್ರೆಯಲ್ಲಿಲ್ಲ. ತತ್ವಪದದ ಪಲ್ಲವಿಯನ್ನು ಹಿಂದಿನವರು ಎತ್ತಿಕೊಳ್ಳುವ ಹೊತ್ತು ನೋಡಿ. ಮೂರನೆಯ ಸಲ ಬರುವಷ್ಟರಲ್ಲಿ ಒಬ್ಬರು ಕಣ್ಣು ಮುಚ್ಚಿರುತ್ತಾರೆ, ಒಬ್ಬರು ತಾಳ ಮೇಲೆತ್ತಿರುತ್ತಾರೆ, ಲಯ ತಾನಾಗಿ ಒಂದು ಕೂದಲೆಳೆ ಏರುತ್ತದೆ. ತಬಲಾದವರು ಅದನ್ನು ಮೊದಲೇ ಮೂಸಿ ನೋಡಿ ಠೇಕಾ ಬಿಟ್ಟು ಲಗ್ಗಿಗೆ ಇಳಿಯುತ್ತಾರೆ. ಪದ ಮುಗಿಯುವಾಗ ಮತ್ತೆ ಎಲ್ಲರನ್ನೂ ಹಿಡಿದು ಕೆಳಗೆ ತರುತ್ತಾರೆ. ಯಂತ್ರ ನಿಮಿಷಕ್ಕೆ 96 ಎಂದು ಇಟ್ಟರೆ 96. ಕಣ್ಣು ಮುಚ್ಚಿದವರು ಅದಕ್ಕೆ ಕಾಣುವುದಿಲ್ಲ. ಹಾಡುವವರೇ ಯಂತ್ರದ ಹಿಂದೆ ನಡೆಯಬೇಕಾಗುತ್ತದೆ. ಓಣಿಯ ಹುಡುಗನೊಬ್ಬ ಹೇಳಿದ: “ಟೆಂಪೋ ಹೆಚ್ಚು ಮಾಡೋ ಬಟನ್ ಅದರಿ ಕಾಕಾ.” ಇದೆ. ಒತ್ತಲು ಒಂದು ಕೈ ಬೇಕು, ಒತ್ತಬೇಕೆಂದು ತಿಳಿಯಲು ಒಬ್ಬ ತಬಲಾದವರು ಬೇಕು.

ನಾಟಕದಲ್ಲಿ ಮಾತ್ರ ನಾನು ಸಂಪೂರ್ಣ ಕ್ಯಾಸಿಯೋ ಪಕ್ಷ. ಜಾತ್ರೆಯಲ್ಲಿ ಊರ ಹುಡುಗರು ಆಡುವ ಸಾಮಾಜಿಕ ನಾಟಕಕ್ಕೆ ಗುಡುಗು ಬೇಕು, ಬಾಗಿಲು ಬಡಿಯುವ ಸದ್ದು ಬೇಕು, ಖಳನಾಯಕ ಮೀಸೆ ತಿರುವಿದಾಗ ಝಣ್ ಅನ್ನಬೇಕು, ನಾಯಕಿ ಅತ್ತಾಗ ಪಿಟೀಲು ಬೇಕು. ಒಂದು ಕ್ಯಾಸಿಯೋ, ಒಂದು ರಿದಮ್ ಪ್ಯಾಡ್ ಇದ್ದರೆ ಬೆಳಗಿನ ತನಕ ನಡೆಯುತ್ತದೆ. ಭೈರವಿಯ ಗಂಧಾರದ ಚಿಂತೆ ಅಲ್ಲಿ ಯಾರಿಗೂ ಇಲ್ಲ.

ಪುರಾಣದ ಕಟ್ಟೆಯಲ್ಲಿ ಈ ಪೆಟ್ಟಿಗೆ ಆಡುವ ಆಟವೇ ಬೇರೆ. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಕರೆಂಟು ಉಳಿಸಲೆಂದು ತಾನೇ ಆರಿಹೋಗುವ ಬುದ್ಧಿ ಇವುಗಳಲ್ಲಿ ಸಾಮಾನ್ಯ. ಶಾಸ್ತ್ರಿಗಳು ಉಪಕಥೆಯೊಳಗೆ ಉಪಕಥೆ ತೆಗೆದು ಮುಕ್ಕಾಲು ಗಂಟೆ ಎಳೆದರೆ, ಮುಂದಿನ ಸಾಲಿನ ಮುದುಕರಂತೆ ಅದೂ ನಿದ್ದೆ ಹೋಗಿರುತ್ತದೆ. “ಈಗ ಗವಾಯಿಗಳಿಂದ ಒಂದು ವಚನ” ಎಂದಾಗ ಎಬ್ಬಿಸಬೇಕು. ಎದ್ದ ಮೇಲೆ ಅದಕ್ಕೆ ಹಿಂದಿನದು ಯಾವುದೂ ನೆನಪಿರುವುದಿಲ್ಲ: ಅಗ್ಗದ ಹೆಚ್ಚಿನ ಮಾದರಿಗಳು ಆರಿ ಹೊತ್ತಿದರೆ ಮೊದಲ ನಂಬರಿನ ಪಿಯಾನೋ ಆಗಿ, ಬಿಳಿ ಒಂದರಲ್ಲಿ ಬಂದು ನಿಲ್ಲುತ್ತವೆ. ಕರೆಂಟು ಹೋಗಿ ಬಂದರೂ ಇದೇ ಕಥೆ. ಹೋದ ವರ್ಷ ಭೀಮಾ ದಂಡೆಯ ಊರೊಂದರಲ್ಲಿ ಪದದ ನಡುವೆ ಕರೆಂಟು ಹೋಯಿತು. ತಬಲಾ ನಡೆದೇ ಇತ್ತು, ಗವಾಯಿಗಳು ಕತ್ತಲಲ್ಲಿ ಕರಿ ಎರಡರಲ್ಲಿ ಹಾಡುತ್ತಲೇ ಇದ್ದರು, ಕಣ್ಣಿಲ್ಲದ ಅವರಿಗೆ ಕತ್ತಲು ಬೇರೆಯಲ್ಲ. ಕರೆಂಟು ಬಂತು. ಹುಡುಗ ಅವಸರದಿಂದ ಗುಂಡಿ ಒತ್ತಿ, ಅದೇ ಬೆರಳು ಅದೇ ಮನೆಗಳ ಮೇಲೆ ಇಟ್ಟ. ಮೂರು ಮನೆ ಕೆಳಗಿನಿಂದ, ಇಂಗ್ಲಿಷ್ ಸಿನಿಮಾದ ಪಿಯಾನೋ ಮೊಳಗಿತು. ಶಾಸ್ತ್ರಿಗಳು ನಕ್ಕುಬಿಟ್ಟರು. ಗವಾಯಿಗಳು ನಗಲಿಲ್ಲ. ತಬಲಾದವರು ಒಂದು ತಿಹಾಯಿ ಹೊಡೆದು ಪದವನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರ ಮಾನ ಉಳಿಸಿದರು.

ಅಂಥ ತಬಲಾದವರನ್ನೇ ಹಲವು ಊರುಗಳಲ್ಲಿ ಈಗ ಕರೆಯುತ್ತಿಲ್ಲ. ಕಮಿಟಿಯವರ ಲೆಕ್ಕ ಸುಲಭ: ಪೆಟ್ಟಿಗೆಯಲ್ಲೇ ತಬಲಾ ಇದೆ, ಒಬ್ಬರ ಸಂಭಾವನೆ ಉಳಿಯಿತು, ಒಬ್ಬರ ಊಟ-ವಸತಿ ಉಳಿಯಿತು. ಕೀಬೋರ್ಡಿನ ಅಗ್ಗದ ಬೆಲೆಯ ಒಂದು ಪಾಲನ್ನು ಹೀಗೆ ತಬಲಾದವರಿಂದ ವಸೂಲು ಮಾಡಲಾಗುತ್ತಿದೆ. ಆಳಂದದ ಕಡೆ ತಬಲಾ ನುಡಿಸುತ್ತಿದ್ದ, ಗದುಗಿನಲ್ಲೇ ಕಲಿತ ಒಬ್ಬರು ಶ್ರಾವಣದಲ್ಲಿ ಈಗ ಮನೆಯಲ್ಲಿರುತ್ತಾರೆ. ಮದುವೆ ಸೀಜನ್ನಿನಲ್ಲಿ ಬ್ಯಾಂಡಿನವರ ಜೊತೆ ಹೋಗುತ್ತಾರೆ. ಪೇಟಿ ಬಂದಾಗ ಏಕತಾರಿಯವನ ಅನ್ನ ಹೋಗಲಿಲ್ಲ, ಏಕೆಂದರೆ ಪೇಟಿ ಒಂದೇ ಕೆಲಸ ಮಾಡುತ್ತಿತ್ತು. ಉಳಿದದ್ದಕ್ಕೆ ಮನುಷ್ಯರು ಬೇಕಾಗುತ್ತಿದ್ದರು. ಈ ಪೆಟ್ಟಿಗೆಯ ತೊಂದರೆ ಅದರ ಬಡತನವಲ್ಲ, ಎಲ್ಲ ಕೆಲಸ ನಾನೇ ಮಾಡುತ್ತೇನೆಂಬ ಅದರ ಹುರುಪು. ಮುತ್ಯಾ ಅದನ್ನು ಮೊದಲ ವಾರವೇ ಗುರುತಿಸಿದರು. ಹುಡುಗಿಗೆ ಅವರು ಹಾಕಿದ ಶರತ್ತು ಒಂದೇ: ರಿದಮ್ ಗುಂಡಿ ಮುಟ್ಟಕೂಡದು. ತಾಳ ಬೇಕಾದರೆ ತೊಡೆ ಇದೆ, ತೊಡೆ ಸಾಲದಿದ್ದರೆ ಓಣಿಯಲ್ಲಿ ತಬಲಾದವನ ಮಗ ಇದ್ದಾನೆ, ಕರೆದುಕೊಂಡು ಬಾ. ಅವನೀಗ ದಿನಾ ಸಂಜೆ ಬರುತ್ತಾನೆ. ಅವನ ತಬಲಾದ ಸುರು ಕೂಡಿಸಲು ಕೀಬೋರ್ಡಿನ ಕರಿ ನಾಲ್ಕು ಬಹಳ ಉಪಯೋಗಕ್ಕೆ ಬರುತ್ತದೆ.

ಪುರಾಣದ ಕಮಿಟಿಯ ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ: ಕ್ಯಾಸಿಯೋ ಕರೆಸಿರಿ, ಬೇಡ ಅನ್ನುವುದಿಲ್ಲ; ಅದರೊಂದಿಗೆ ತಬಲಾದವರನ್ನೂ ಕೂಡಿಸಿರಿ. ಮಕ್ಕಳಿಗೆ ಕೊಡಿಸುವ ತಂದೆತಾಯಿಗೂ ಎರಡು ಮಾತು. ಸಣ್ಣ ಮನೆಗಳದ್ದು ಬೇಡ, ಅರವತ್ತೊಂದು ಪೂರ್ಣ ಅಳತೆಯ ಮನೆಗಳಿರುವುದನ್ನೇ ತನ್ನಿ. ಇನ್ನೊಂದು-ಎರಡು ಸಾವಿರ ಹೊಂದಿಸಲಾದರೆ ಬೆರಳಿನ ಒತ್ತ ತಿಳಿಯುವ ಮಾದರಿ ಕೇಳಿ, ದನಿಗಳ ಸಂಖ್ಯೆ ಕೇಳಬೇಡಿ. ಅಡಾಪ್ಟರು ಕೆಟ್ಟರೆ ಮನೆಯಲ್ಲಿರುವ ಯಾವುದೋ ಚಾರ್ಜರ್ ಚುಚ್ಚಬೇಡಿ. ವೋಲ್ಟೇಜು, ಪ್ಲಸ್-ಮೈನಸ್ ಬೇರೆಯಾಗಿದ್ದರೆ ಪೆಟ್ಟಿಗೆ ಸುಟ್ಟುಹೋಗಬಹುದು. ಚುಚ್ಚುವ ತೂತು ಸಡಿಲಾದರೆ ತಾಲೂಕಿನ ಮೊಬೈಲ್ ರಿಪೇರಿಯವರೇ ಬೆಸೆದು ಕೊಡುತ್ತಾರೆ. ಮೇಲೆ ಒಂದು ಬಟ್ಟೆ ಹೊದಿಸಿಡಿ, ನಮ್ಮ ಧೂಳು ಮೊದಲು ಹೋಗಿ ಕೂಡುವುದು ಮನೆಗಳ ಕೆಳಗಿನ ರಬ್ಬರಿನ ಮೇಲೆ. ಮತ್ತೆ ಒಳಗೆ ಆರು ಸೆಲ್ ಹಾಕಿಯೇ ಇಡಿ. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟನ್ನು ನಂಬಿ ಯಾರೂ ಪದ ಎತ್ತಬಾರದು.